ಏಜೆಂಟ ಬ್ಯಾಡ, ನಾನ ಮಾರ್ತೇನಿ ಅಂದದ್ದು

ನನ್ನ ಸಿಟ್ಟು ಮೂಗಿನ ತುದೀಗೆ ಇರ್ತೈತಿ ಅಂತ ದಾಂಡೇಲಿಯ ನಮ್ಮ ಓಣ್ಯಾಗ ಎಲ್ಲಾರಿಗೂ ಗೊತ್ತು. ಮೂವತ್ತು ವರ್ಷ ಮಂದಿಗೆ ಕುಪ್ಪಸಾ ಹೊಲದು ಕೊಟ್ಟೇನಿ. ಅಳತಿ ತಪ್ಪಿದ್ರ ನಂದ ತಪ್ಪು ಅಂತ ಒಪ್ಪಿಕೊಂಡಿದ್ದು ಎರಡು ಸಲಾನೋ ಮೂರು ಸಲಾನೋ, ಅಷ್ಟ. ಅಂಥಾಕಿ ನಾನು ಮನಿ ಮಾರಾಕ ಏಜೆಂಟನ ಕಡೆ ಹೋದೆ ಅಂದ್ರ, ಮಗಳ ಕಾಟಕ್ಕ ಹೋಗಿದ್ದೆ ಅಂತ ತಿಳ್ಕೋರಿ. ಹೋಗಿ ಹತ್ತು ನಿಮಿಷದಾಗ ಜಗಳಾ ಮಾಡಿ ಎದ್ದು ಬಂದೆ.

ಮನಿ ಯಾಕ ಮಾರೂದಿತ್ತು ಅನ್ನೂದು ಮೊದಲ ಹೇಳಿಬಿಡ್ತೇನಿ. ನಮ್ಮವರು ಪೇಪರ್ ಮಿಲ್ಲಿನ್ಯಾಗ ಮೂವತ್ತೆರಡು ವರ್ಷ ದುಡದಾವರು. ಧಾರವಾಡ ಕಡೆಯಿಂದ ಲಗ್ನ ಆಗಿ ಬಂದ ಹೊಸದರಾಗ ಬಾಡಿಗಿ ಖೋಲಿ ಇತ್ತು. ಆಮ್ಯಾಲ ಗುಡ್ಡದ ಇಳಿಜಾರಿನ್ಯಾಗ ಸಸ್ತಾ ಜಾಗಾ ಸಿಕ್ತು ಅಂತ ಅಲ್ಲೇ ಮನಿ ಕಟ್ಟಿಸಿದ್ವಿ. ರಸ್ತಾದಿಂದ ನಮ್ಮ ಬಾಗಲತನಕ ಮೂವತ್ತೆಂಟು ಮೆಟ್ಟಲಾ. ವಯಸ್ಸಿದ್ದಾಗ ಅವು ಲೆಕ್ಕಕ್ಕ ಇರಲಿಲ್ಲ. ನಮ್ಮವರು ಗ್ಯಾಸ್ ಸಿಲಿಂಡರು ಹೆಗಲ ಮ್ಯಾಲ ಇಟ್ಕೊಂಡು ಸೀಟಿ ಹಾಕ್ಕೋತ ಏರ್ತಿದ್ರು. ನೌಕರಿ ಮುಗದು ಮೂರು ವರ್ಷಕ್ಕ ಶುಗರ್ ಬಂದು ಬಲಗಾಲಿಗೆ ಬಡೀತು. ಹುಬ್ಬಳ್ಳಿ ದವಾಖಾನ್ಯಾಗ ಮೊಣಕಾಲ ಕೆಳಗ ತಗದ್ರು. ಓಣಿ ಮಂದಿ ನಾಕು ಜನ ಕುರ್ಚಿ ಸಮೇತ ಎತ್ತಿ ಮ್ಯಾಲ ತಂದು ಕೂಡಿಸಿ ಹೋದ್ರು. ಅವತ್ತಿನಿಂದ ಎಂಟು ತಿಂಗಳು ಅವರು ಕೆಳಗ ಇಳದಿರಲಿಲ್ಲ.

ಮನ್ಯಾಗ ಬಗಲ ಬಡಗಿ ಊರಿಕೊಂಡು ಅಡ್ಡಾಡ್ತಿದ್ರು. ಸಪಾಟ ಜಾಗಾ ಇದ್ರ ಅವರಿಗೆ ಏನೂ ತ್ರಾಸಿಲ್ಲ. ಪಡಸಾಲಿಯಿಂದ ಅಡಗಿಮನಿ, ಅಡಗಿಮನಿಯಿಂದ ಪಡಸಾಲಿ, ಮತ್ತ ಕಾಟಿನ ಮ್ಯಾಲ ಕೂತು ಕಿಡಕ್ಯಾಗ ಕೆಳಗ ನೋಡೂದು. ಮೊದಲ ಮಾತಿನ ಮಲ್ಲ ಇದ್ದ ಮನಷ್ಯಾ, ಬರಬರತಾ ನಾ ಚಾ ಕೊಟ್ರ "ಹೂಂ", ಊಟಕ್ಕ ಬರ್ರಿ ಅಂದ್ರ "ಹೂಂ" ಅನ್ನೂಹಂಗ ಆದ್ರು. ಅದನ್ನ ನಾ ದಿನಾ ನೋಡಬೇಕಾಗ್ತಿತ್ತು. ಅಳಾಕ ಬರದಾಕಿ ನಾನು, ಅದಕ್ಕ ಅವರ ಮ್ಯಾಲ ರೇಗತಿದ್ದೆ.

ಮಗಳನ್ನ ಹಳಿಯಾಳದ ಹಂತ್ಯಾಕ ತೇರಗಾಂವಕ್ಕ ಕೊಟ್ಟೇವಿ. ಹಳಿಯಾಳದಾಗ ಒಂದು ಮನಿ ಐತಿ ಅಂತ ಆಕಿ ಹೇಳಿದ್ಲು. ಹೋಗಿ ನೋಡಿದೆ. ಸಪಾಟ ರಸ್ತಾ, ಬಾಗಲಾ ತಗದ್ರ ಸೀದಾ ಓಣಿ, ಹೊಸ್ತಿಲಾ ಎರಡು ಬಟ್ಟು ಎತ್ತರ ಇಲ್ಲ. ಎದುರಿಗೆ ಚಾದಂಗಡಿ, ಅಂಗಡಿ ಮುಂದ ಪೇಪರ ಓದೂ ಮಂದಿ. ನಮ್ಮವರು ಇಲ್ಲಿ ಕೂತು ಮತ್ತ ಹರಟಿ ಹೊಡೀತಾರ ಅಂತ ನನ್ನ ಕಣ್ಣಿಗೆ ಕಟ್ಟಿದಂಗ ಕಾಣಸ್ತು. ಮನಿ ಮಾಲಕರು ಒಬ್ಬರು ನಿವೃತ್ತ ಮಾಸ್ತರು. ಅವತ್ತ ಅವರ ಕೈಯಾಗ ಸಂಚಕಾರಾ ಇಟ್ಟು ಬಂದೆ. ಮನೀಗಾಗ್ಲಿ ಹೊಲಕ್ಕಾಗ್ಲಿ ಮುಂಗಡ ಕೊಟ್ಟು ಹಿಡಿಯೂದಕ್ಕ ನಮ್ಮ ಕಡೆ ಹಂಗಂತಾರ. ಮಾಸ್ತರು ಒಂದ ಮಾತು ಹೇಳಿದ್ರು: "ಕಾರ ಹುಣ್ಣಿವಿತನಕ ತಡೀತೇನಿ ತಂಗಿ. ಅದರ ಮ್ಯಾಲ ಒಂದು ದಿನಾನೂ ಇಲ್ಲ. ಇನ್ನೊಬ್ಬರು ಕಾಯಾಕತ್ಯಾರ." ಯುಗಾದಿ ಮುಗದು ಎಂಟು ದಿನ ಆಗಿತ್ತು. ದಾಂಡೇಲಿ ಮನಿ ಮಾರದ ಹಳಿಯಾಳದ್ದು ಬರೂಹಂಗಿರಲಿಲ್ಲ. ಕಾರ ಹುಣ್ಣಿವಿ ಅಂದ್ರ ಮಳಿ ಬಂತು ಅಂತನ ಅರ್ಥ. ಮಳ್ಯಾಗ ಆ ಮೆಟ್ಟಲದ ಮ್ಯಾಲ ಪಾಚಿ ಕಟ್ಟಿದ್ರ ಎರಡು ಕಾಲಿನ ಮಂದೀನ ಜಾರಿ ಬೀಳ್ತಾರ. ಹಂಗಾದ್ರ ಇನ್ನೊಂದು ಆರು ತಿಂಗಳು ನಮ್ಮವರು ಕಿಡಕ್ಯಾಗ.

ಇನ್ನ ಏಜೆಂಟನ ಸಂಗತಿ. ಮಾರ್ಕೆಟ್ಟಿನ ಹಿಂದ ಒಂದು ಝೆರಾಕ್ಸ್ ಅಂಗಡ್ಯಾಗ ಅವನ ಟೇಬಲ್ಲು. ನಮ್ಮ ಕಡೆಯಾಂವನ, ನನಗ ವೈನಿ ಅಂತಾನ. ಮನಿ ಕಾಗದಪತ್ರ ಎಲ್ಲಾ ನೋಡಿ, ದಲಾಲಿ ಇಷ್ಟು ಅಂತ ಹೇಳಿ, ಆಮ್ಯಾಲ ಅಂದ: "ಒಂದು ಶರತ್ತು ವೈನಿ. ಮಂದಿ ನೋಡಾಕ ಬಂದಾಗ ನೀವು ಮನ್ಯಾಗ ಇರಬಾರದು. ಕಿಲ್ಲಿ ನನ್ನ ಕೈಯಾಗ ಕೊಟ್ಟು ಎಲ್ಲರ ಹೋಗಿಬಿಡಬೇಕು. ಯಜಮಾನ್ರೂ ಕಾಣೂದು ಬ್ಯಾಡ."

"ಅವರನ್ನ ಎಲ್ಲಿ ಇಡ್ಲಿ? ಅಟ್ಟದ ಮ್ಯಾಲ ಇಡ್ಲೇನು?" ಅಂದೆ.

"ಕೋಣ್ಯಾಗ ಮಲಗಿಸಿ ಬಾಗಲಾ ಎಳಕೊಳ್ರಿ. ಅವರನ್ನ ಕಂಡ್ರ ಮಂದಿಗೆ ನಿಮ್ಮ ಅವಸರ ಗೊತ್ತಾಗ್ತೈತಿ. ನಿಮ್ಮನ್ನ ಕಂಡ್ರ ನೀವ ಎಲ್ಲಾ ಹೇಳಿಬಿಡ್ತೀರಿ."

ನನಗ ಮೈಯೆಲ್ಲಾ ಉರದು ಹೋತು. ನನ್ನ ಮನಿ, ನಾ ಗಾರಿ ಕಲಿಸಿ ಕೊಟ್ಟು ಕಟ್ಟಿಸಿದ ಮನಿ, ಅದನ್ನ ಮಾರೂ ಮುಂದ ನಾನ ಕಳ್ಳರಗತೆ ಹೊರಗ ಇರಬೇಕಂತ. ನನ್ನ ಗಂಡನ್ನ ಬಾಗಲಾ ಹಾಕಿ ಒಳಗ ಇಡಬೇಕಂತ. "ನಿನ್ನ ಟೇಬಲ್ಲು ನಿನಗ ಇರ್ಲಿ ತಮ್ಮಾ. ಬಾಯಿ ನನಗೂ ಐತಿ, ನಾನ ಮಾರ್ತೇನಿ" ಅಂದು ಕಾಗದ ಕಸಗೊಂಡು ಬಂದೆ.

ರಟ್ಟಿನ ಮ್ಯಾಲ ಕೆಂಪು ಬಣ್ಣದಾಗ "ಮನೆ ಮಾರಾಟಕ್ಕಿದೆ" ಅಂತ ಬರದು, ಫೋನ್ ನಂಬರ ಹಾಕಿ, ಕೆಳಗ ಮೊದಲನೇ ಮೆಟ್ಟಲದ ಹಂತ್ಯಾಕ ಕಟ್ಟಿದೆ. ಕುಪ್ಪಸಾ ಹೊಲಿಸಾಕ ಬಂದಾವರಿಗೆಲ್ಲಾ ಹೇಳಿದೆ. ಮಂದಿ ಬಂದ್ರು. ಬರದ ಏನು ಮಾಡ್ತಾರ, ಈಗ ದಾಂಡೇಲಿ ಅಂದ್ರ ಎಲ್ಲಾರಿಗೂ ಹೋಮ್‌ಸ್ಟೇ ಕನಸು. ಏದುಸಿರು ಬಿಡ್ಕೋತ ಮ್ಯಾಲ ಬರೂದು, ನೀರು ಕುಡಿಯೂದು, "ಮೆಟ್ಟಲಾ ಭಾಳ ಅದಾವಲ್ರಿ" ಅನ್ನೂದು. ಅದು ನನಗ ಗೊತ್ತಿರಲಾರದ ಸುದ್ದಿ ನೋಡ್ರಿ. ಒಬ್ಬಾಂವ ನಮ್ಮವರ ತಲಿಮ್ಯಾಲಿನ ಗ್ವಾಡಿ ಬಡದು ನೋಡಿದ. ಕೆಳಗ ಒಬ್ಬ ಮನಷ್ಯಾ ಕೂತಾನ ಅನ್ನೂ ಖಬರ ಇರಲಿಲ್ಲ ಅವಗ.

ಏಜೆಂಟ ಹೇಳಿದ್ದು ಖರೇ ಆಗಾಕ ಒಂದು ವಾರನೂ ಬೇಕಾಗ್ಲಿಲ್ಲ. ಯಾಕ ಮಾರ್ತೀರಿ ಅಂದ್ರ ನಾ ಸುಳ್ಳು ಹೇಳಾಕಿ ಅಲ್ಲ. ಕಾಲಿನ ಸುದ್ದಿ, ಹಳಿಯಾಳದ ಮನಿ, ಕಾರ ಹುಣ್ಣಿವಿ, ಎಲ್ಲಾ ಬಾಯಿಬಿಟ್ಟು ಹೇಳಿಬಿಡ್ತಿದ್ದೆ. ಕೇಳಿದಾವರು ಅಯ್ಯೋ ಪಾಪ ಅಂತ ನಮ್ಮವರ ಮಾರಿ ನೋಡಿ, ಆಮ್ಯಾಲ ರೇಟು ಇಳಿಸಿ ಕೇಳ್ತಿದ್ರು. ಬೆಳಗಾವಿ ಕಡೆಯ ಒಬ್ಬಾಂವ ನನ್ನ ಎದುರಿಗೇ ಹೆಂಡ್ತಿಗೆ ಮರಾಠಿಯೊಳಗ ಅಂದ, "ಹ್ಯಾಂನಾ ಘಾಯಿ ಆಹೇ." ಇವರಿಗೆ ಅವಸರ ಐತಿ ಅಂತ. ಈ ಊರಾಗ ಮೂವತ್ತು ವರ್ಷ ಇದ್ದು ನನಗ ಅಷ್ಟು ಮರಾಠಿ ತಿಳಿಯೂದಿಲ್ಲ ಅಂತ ತಿಳ್ಕೊಂಡಿದ್ದ. "ಹೋ, ಘಾಯಿ ಆಹೇ. ತುಮ್ಹಾಲಾ ಚಹಾ ದ್ಯಾಯಲಾ ಪಣ ವೇಳ ನಾಹೀ" ಅಂದೆ. ನಿಮಗ ಚಾ ಕೊಡಾಕೂ ಪುರಸೊತ್ತಿಲ್ಲ ಅಂದದ್ದು ಕೇಳಿ ಇಬ್ಬರೂ ಚಪ್ಪಲಿ ಹುಡುಕಿಕೊಂಡು ಇಳದು ಹೋದ್ರು. ಎಂಟು ತಿಂಗಳದಾಗ ಮೊದಲನೇ ಸಲ ನಮ್ಮವರು ನಕ್ಕರು. ನನಗ ಮಾತ್ರ ನಗಿ ಬರಲಿಲ್ಲ, ಬಸವ ಜಯಂತಿ ದಾಟಿತ್ತು.

ಅದರ ಮರುವಾರ ಅಂಬಿಕಾನಗರದಿಂದ ಒಬ್ಬರು ಗಂಡ ಹೆಂಡ್ತಿ ಬಂದ್ರು. ಆತ ಕರೆಂಟಿನ ಕಂಪನ್ಯಾಗ ನೌಕರಿ ಮಾಡಿ ಅವರ ಕಾಲನ್ಯಾಗ ಇದ್ದಾಂವ, ಮೇ ತಿಂಗಳಾ ಆಖೇರಿಗೆ ನಿವೃತ್ತಿ. ಕ್ವಾರ್ಟರ್ಸ್ ಖಾಲಿ ಮಾಡಬೇಕು, ಸ್ವಂತ ಅಂತ ಎಲ್ಲೂ ಸೂರಿಲ್ಲ. ನವಲಗುಂದ ಕಡೆಯವರು, ಮಾತು ನಮ್ಮದ. ಆತ ಬಂದಾಂವ ಮನಿ ನೋಡೂದು ಬಿಟ್ಟು ನಮ್ಮವರ ಕಾಟಿನ ಮ್ಯಾಲ ಕೂತ. "ಕಾಲು ಎಂದು ತಗದ್ರಿ ಅಣ್ಣಾರ, ಬ್ಯಾನಿ ಐತೇನ್ರಿ ಇನ್ನಾ" ಅಂತ ಕೇಳಿದ. ನಮ್ಮವರು ಅರ್ಧಾ ತಾಸು ಮಾತಾಡಿದ್ರು. ಆಕಿ, ನನ್ನ ವಾರಿಗೀಯಾಕಿ, ಅಡಗಿಮನಿಗೆ ಹೋಗಿ ನಳ ತಿರುವಿ ನೀರಿನ ಕೆಳಗ ಕೈ ಹಿಡಕೊಂಡು ನಿಂತ್ಲು. ಹಿತ್ತಲದಾಗ ಒಗಿಯೂ ಕಲ್ಲು ಮುಟ್ಟಿ ನೋಡಿದ್ಲು. ಗ್ವಾಡಿ ಬಡೀಲಿಲ್ಲ. ನಾ ನನ್ನ ರೇಟು ಹೇಳಿದೆ. "ಆತ್ರಿ, ವಿಚಾರ ಮಾಡ್ತೇವಿ" ಅಂದ ಆತ.

ಹೊಂಟು ನಿಂತಾಗ ನನಗ ಆಕಿನ್ನ ಬರೇ ಕೈಲೆ ಕಳಸಾಕ ಮನಸ್ಸಾಗಲಿಲ್ಲ. ಶುಕ್ರವಾರ ಬ್ಯಾರೆ. ಮುತ್ತೈದಿ ಮೊದಲನೇ ಸಲ ಮನಿಗೆ ಬಂದಾಳ, ಆ ಹಿಂದಿನವರಗತೆ ಅಲ್ಲ. ಕುಂಕುಮ ಹಚ್ಚಿ, ಸೆರಗು ಹಿಡಿ ಅಂದು, ಐದು ಬೊಗಸಿ ಅಕ್ಕಿ, ಟೆಂಗಿನಕಾಯಿ, ಎಲಿ ಅಡಿಕಿ ಹಾಕಿ, ಕಪಾಟಿನ್ಯಾಗಿದ್ದ ಒಂದು ಹಸರು ಕುಪ್ಪಸದ ಖಣ ಇಟ್ಟು ಉಡಿ ತುಂಬಿದೆ. ಆಕಿ ಒಮ್ಮೆ ನನ್ನ ನೋಡಿದ್ಲು, ಒಮ್ಮೆ ಮನಿ ತುಂಬ ನೋಡಿದ್ಲು. ಕಣ್ಣಾಗ ನೀರು ಬಂದಿದ್ವು. ಹೆಣ್ಣಮಕ್ಕಳು ಉಡಿ ತುಂಬಿಸಿಕೊಂಡಾಗ ಹಂಗ ಆಗ್ತೈತಿ ಅಂತ ತಿಳ್ಕೊಂಡೆ.

ಆಮ್ಯಾಲ ಅವರಿಂದ ಸುದ್ದಿನ ಇಲ್ಲ. ಮೂರು ದಿನ ಕಾದೆ, ವಾರ ಕಾದೆ, ಹನ್ನೆರಡು ದಿನ ಕಾದೆ. ಮಶೀನ್ ತುಳಿಯೂ ಮುಂದ ಫೋನು ಪಕ್ಕಕ್ಕ ಇಟ್ಕೊಂಡು ಕೂಡ್ತಿದ್ದೆ. ನಾನ ಮಾಡೂಣು ಅಂದ್ರ ಅವಸರ ತೋರಿಸಿದಂಗ ಆಗ್ತೈತಿ, ಈಗರೆ ಶಾಣ್ಯಾ ಆಗೂಣು ಅಂತ ಹಟಾ ಹಿಡದೆ. ಒಂದು ದಿನ ಸಂಜಿಗೆ ದೊಡ್ಡ ಮಳಿ ಹೊಡೀತು. ಮೆಟ್ಟಲದ ಮ್ಯಾಲ ಕೆಂಪು ನೀರು ಹರದು ಹೋಗೂದನ್ನ ನಮ್ಮವರು ಕಿಡಕ್ಯಾಗಿಂದ ನೋಡ್ತಿದ್ರು, ನಾ ಅವರನ್ನ ನೋಡ್ತಿದ್ದೆ.

ಅಷ್ಟರಾಗ ಗಣೇಶಗುಡಿ ಕಡೆ ಹೋಮ್‌ಸ್ಟೇ ನಡಸಾಂವ ಒಬ್ಬ ಬಂದ. ಕೆಲಸದವರನ್ನ ಇಡಾಕ ಮನಿ ಬೇಕಾಗಿತ್ತು. ಮನಿ ಪೂರಾ ಒಳಗೂ ಬರಲಿಲ್ಲ, ಹೊಸ್ತಿಲದಾಗ ನಿಂತು "ನಿಮ್ಮ ರೇಟು ನನಗ ಒಪ್ಪಿಗಿ. ಸೋಮವಾರದ ಮುಂದಿನ ಸೋಮವಾರ ಖರೇದಿ ಪತ್ರ ಹಾಕೂಣು, ಪೂರಾ ಅವತ್ತ ಕೊಡ್ತೇನಿ" ಅಂದ. ಅವತ್ತಿಗೂ ಕಾರ ಹುಣ್ಣಿವಿಗೆ ಇನ್ನ ನಾಕು ದಿನ ಉಳೀತಾವು. ನಾ ಆತು ಅಂದೆ. ಆವತ್ತು ಹೋಗಿ ಕೆಳಗಿನ ರಟ್ಟು ಬಿಚ್ಚಿ ತಂದು ಒಲಿಗೆ ಹಾಕಿದೆ. ಏಜೆಂಟನ ಅಂಗಡಿ ಮುಂದ ಬೇಕಂತನ ಎರಡು ಸಲ ಹಾದು ಬಂದೆ.

ಖರೇದಿ ಇನ್ನ ಮೂರು ದಿನ ಐತಿ ಅನ್ನೂ ಮುಂದ, ಶುಕ್ರವಾರ ಮುಂಜಾನೆ, ಮೆಟ್ಟಲದ ಮ್ಯಾಲ ಮಂದಿ ಮಾತಾಡೂದು ಕೇಳಸ್ತು. ಅಂಬಿಕಾನಗರದವರು. ಆತನ ಕೈಯಾಗ ಪೇಢೆದ ಡಬ್ಬಿ, ಅಳತಿ ಟೇಪು. ಆಕಿ ಹಿಂದ ನಕ್ಕೋತ ಬಂದ್ಲು. ನಾ ಟೇಪು ನೋಡಿದೆ, ಆಮ್ಯಾಲ ಆಕಿ ಕುಪ್ಪಸಾ ನೋಡಿದೆ. ನಾ ಕೊಟ್ಟ ಹಸರು ಖಣ. ಹೊಲಿಸಿಕೊಂಡು ಹಾಕ್ಕೊಂಡಿದ್ಲು, ತೋಳು ಸರಿ ಕೂತಿರಲಿಲ್ಲ.

"ಟೇಪು ಯಾತಕ್ಕ್ರೀ?" ಅಂದೆ.

"ನಮ್ಮ ತಿಜೂರಿ ಈ ಕೋಣ್ಯಾಗ ಹಿಡಸ್ತೈತೋ ಇಲ್ಲೋ ನೋಡೂದೈತ್ರಿ ಅಕ್ಕಾರ" ಅಂದ ಆತ.

"ನೀವು ಹೋದಾವರು ಒಂದು ಫೋನರೆ ಮಾಡಿದ್ರೇನು?"

ಆಕಿಗೆ ನನ್ನ ಮಾತು ತಿಳೀಲಿಲ್ಲ. "ಫೋನ ಯಾಕ್ರೀ? ನೀವು ಉಡಿ ತುಂಬಿ ಕಳಿಸಿದ್ರಲ್ಲ. ಉಡಿ ತುಂಬಿದ ಮ್ಯಾಲ ಇನ್ನ ಏನು ಮಾತು ಇರ್ತೈತ್ರಿ? ನಿಮ್ಮ ರೇಟು ನಮಗ ಒಪ್ಪಿಗಿ. ಹಳಿಯಾಳ ರಸ್ತಾದಾಗ ಒಂದು ಮನಿ ಹೇಳಿದ್ರು, ಅದು ಬ್ಯಾಡ ಅಂತ ಅವತ್ತ ಹೇಳಿಬಿಟ್ವಿ. ಇವರ ನಿವೃತ್ತಿ ರೊಕ್ಕ ಹುಣ್ಣಿವಿ ಆಗಿ ಮೂರು ವಾರಕ್ಕ ಕೈಗೆ ಬರ್ತೈತಿ. ಬಂದ ದಿನಾನ ಖರೇದಿ."

ನಾ ಮಶೀನಿನ ಸ್ಟೂಲಿನ ಮ್ಯಾಲ ಕುಂತುಬಿಟ್ಟೆ. ಆಕಿ ಹೇಳಿದ್ದು ಸುಳ್ಳಲ್ಲ. ನಮ್ಮ ಬಯಲುಸೀಮಿ ಹಳ್ಯಾಗ ಹೊಲಾನೋ ಮನಿನೋ ಕೊಡೂದು ಪಕ್ಕಾ ಆತಂದ್ರ, ಕೊಡಾವರ ಮನಿ ಹೆಣ್ಣಮಗಳು ತಗೊಳ್ಳಾವರ ಮನಿ ಹೆಣ್ಣಮಗಳ ಉಡಿ ತುಂಬತಾಳ. ಅಲ್ಲಿಗೆ ಮುಗೀತು, ಕಾಗದ ಹಿಂದಿಂದ ಬರ್ತೈತಿ. ನಮ್ಮವ್ವ ಹಂಗ ಉಡಿ ತುಂಬಿದ್ದನ್ನ ನಾನ ಸಣ್ಣಾಕಿ ಇದ್ದಾಗ ನೋಡೇನಿ, ಅಕ್ಕಿ ತಾಟು ಹಿಡದಾಕಿ ನಾನು. ಈ ಮಿಲ್ಲಿನ ಊರಿಗೆ ಬಂದು, ಬಾಂಡ್ ಪೇಪರು, ರಿಜಿಸ್ಟ್ರಾರ ಆಫೀಸು ಇದರಾಗ ಅದು ಪೂರಾ ಮರತು ಹೋಗಿತ್ತು. ಅವರು ಕಾಲನ್ಯಾಗ ಇದ್ರೂ ಮರತಿರಲಿಲ್ಲ.

ತಪ್ಪು ನಂದು ಅಂತ ಗೊತ್ತಾದಾಗ ನನಗ ಸಿಟ್ಟು ಇನ್ನೂ ಜೋರು ಬರ್ತೈತಿ, ಅದು ನನ್ನ ಕೆಟ್ಟ ಗುಣ. "ನಾ ಉಡಿ ತುಂಬಿದ್ದು ಮರ್ಯಾದಿಗೆ ರೀ, ಮನಿ ಕೊಟ್ಟೆ ಅಂತಲ್ಲ. ಮನಿ ಬ್ಯಾರೇದವರಿಗೆ ಮಾತಾಗೇತಿ. ಸೋಮವಾರ ಖರೇದಿ ಐತಿ. ಮೂರು ವಾರ ಕಾದ್ರ ನಮ್ಮ ಹಳಿಯಾಳದ ಮನಿ ಹೋಗ್ತೈತಿ" ಅಂತ ಒಂದ ಉಸಿರಿನ್ಯಾಗ ಹೇಳಿದೆ. ಆಕಿ ತನ್ನ ಮೈಮ್ಯಾಲಿನ ಕುಪ್ಪಸಾ ನೋಡಿಕೊಂಡ್ಲು. ಸೆರಗು ಎಳದು ಎರಡೂ ತೋಳು ಮುಚ್ಚಿಕೊಂಡ್ಲು. ಆತ ಟೇಪು ಕಿಸೇದಾಗ ಇಟ್ಟು, ನಮ್ಮವರಿಗೆ ಕೈ ಮುಗದು, ಹೆಂಡ್ತಿ ಕರಕೊಂಡು ಇಳದು ಹೋದ. ಪೇಢೆದ ಡಬ್ಬಿ ಮಶೀನಿನ ಮ್ಯಾಲ ಉಳೀತು.

ನಮ್ಮವರು ಎಲ್ಲಾ ಕೇಳಿದ್ರು. ಆಮ್ಯಾಲ ಅಂದ್ರು, "ಆಕಿ ಉಡಿ ತುಂಬೀದಿ. ಮನಿ ಆಕೀದು."

"ಮತ್ತ ನೀವು? ಇಲ್ಲೇ ಕಿಡಕ್ಯಾಗ ಕೂತು ಸಾಯ್ತೀರೇನು?"

"ಆ ಬಾಯಿ ಇಲ್ಲದ ಹೆಣ್ಣಮಗಳನ್ನ ಹಂಗ ಕಳಿಸಿ, ಆ ರೊಕ್ಕದಾಗ ತಗೊಂಡ ಮನಿಗೆ ನಾ ಬರೂದಿಲ್ಲ."

"ಯಾರ ಸಲುವಾಗಿ ಬಡದಾಡಾಕತ್ತೇನಿ ನಾ?" ಅಂತ ಒದರಿದೆ. ಅವರು ಕಿಡಕಿ ಕಡೆ ಮಾರಿ ತಿರುವಿದ್ರು. ಅವರ ಮ್ಯಾಲ ನನಗ ಭಾಳ ಸಿಟ್ಟು ಬಂತು. ಆದ್ರ ಅವರು ಹೇಳಿದ್ದು ಖರೇ ಅಂತ ನನಗ ಗೊತ್ತಿತ್ತು. ಆ ಸೆರಗು ಎಳಕೊಂಡಿದ್ದು ಕಣ್ಣು ಮುಂದಿಂದ ಹೋಗವಲ್ದಾಗಿತ್ತು.

ಗಣೇಶಗುಡಿಯಾಂವಗ ಬ್ಯಾಡ ಅನ್ನಾಕ ಮೂರು ಸಲ ಫೋನ ಒತ್ತಿದೆ, ಮೂರು ಸಲ ಕಟ್ ಮಾಡಿದೆ. ಬಾಯಿ ನನಗೂ ಐತಿ ಅಂದಾಕಿಗೆ ನಾಲಿಗಿ ಏಳಲಿಲ್ಲ. ಮರುದಿನ ಮುಂಜಾನೆ ಎದ್ದು ಝೆರಾಕ್ಸ್ ಅಂಗಡಿಗೆ ಹೋದೆ. ಏಜೆಂಟ ನನ್ನ ನೋಡಿದ, ಸ್ಟೂಲು ಸರಿಸಿದ, ಏನೂ ಚುಚ್ಚಿ ಮಾತಾಡಲಿಲ್ಲ. ಅದು ನನಗ ಇನ್ನಾ ಕೆಟ್ಟನಸ್ತು. ಎಲ್ಲಾ ಹೇಳಿದೆ. ಹೋಮ್‌ಸ್ಟೇದಾಂವಗ ಇಲ್ಲ ಅನಬೇಕು, ಹಳಿಯಾಳದ ಮಾಸ್ತರಿಗೆ ಮೂರು ವಾರ ಕೇಳಬೇಕು, ಎರಡೂ ನನ್ನಿಂದ ಆಗವಲ್ದು ಅಂದೆ.

"ವೈನಿ, ಮಾಲಕರನ್ನ ನಾ ಹೊರಗ ಕಳಸೂದು ಇದಕ್ಕ" ಅಂದ. "ಮಾಲಕರು ಮನ್ಯಾಗ ಇದ್ರ ಚಾ ಕೊಡ್ತಾರ, ಕಷ್ಟ ಹೇಳ್ತಾರ, ಏನರೆ ಒಂದು ಕೊಟ್ಟು ಕಳಸ್ತಾರ. ಆಮ್ಯಾಲ ಇಲ್ಲ ಅನ್ನಾಕ ಬರೂದಿಲ್ಲ. ಗಿರಾಕಿ ತಾವ ಬರ್ತಾರ್ರಿ, ಅದಕ್ಕ ನಾ ಬೇಕಾಗಿಲ್ಲ. ಇಲ್ಲ ಅನ್ನೂದಕ್ಕ ಬೇಕಾಗ್ತೇನಿ." ದಲಾಲಿ ಎಷ್ಟು ಅಂದೆ. ಮೊದಲು ಹೇಳಿದಷ್ಟ ಅಂದ. ಆತು ಅಂದೆ.

ಗಣೇಶಗುಡಿದು ಅವತ್ತ ಮುಗೀತು. ಅವಗೂ ನಾ ಮಾತು ಕೊಟ್ಟಿದ್ದೆ, ಆದ್ರ ಆ ಮಾತು ಮುರಿಯೂದು ನನಗ ಅಷ್ಟು ಚುಚ್ಚಲಿಲ್ಲ, ಅದೂ ಹೇಳಿಬಿಡ್ತೇನಿ. ಅಂವ ಎರಡು ಮಾತು ಗುಣುಗುಟ್ಟಿ ಬ್ಯಾರೆ ಮನಿ ನೋಡ್ತೇನಿ ಅಂದನಂತ. ನಾ ಅಂಬಿಕಾನಗರಕ್ಕ ಫೋನ ಮಾಡಿ "ಮನಿ ನಿಮ್ಮದ ರೀ, ಮೂರು ವಾರ ಕಾಯ್ತೇನಿ" ಅಂದೆ. ಆಕಿ ಆ ಕಡೆ "ಹೂಂ ರೀ ಅಕ್ಕಾರ" ಅಂದ್ಲು. ಇನ್ನ ಉಳದದ್ದು ಮಾಸ್ತರು. ಸೋಮವಾರ ಹೋಗಿ ಕೇಳ್ತೇನಿ ಅಂತ ಏಜೆಂಟ ಹೇಳಿದ್ದ. ಸೋಮವಾರ ಇಡೀ ದಿನ ಫೋನ ಇಲ್ಲ. ನಾ ಒಂದು ಕುಪ್ಪಸಕ್ಕ ಎರಡೂ ಬಲಗೈ ತೋಳು ಹಚ್ಚಿ, ಬಿಚ್ಚಿ, ಮತ್ತ ಹಚ್ಚಿದೆ.

ಮಂಗಳವಾರ ಹೊಲದ ಅರಬಿ ಕೊಟ್ಟು ಬರಾಕ ಮಾರ್ಕೆಟ್ಟಿನ ಕಡೆ ಹೋಗಿದ್ದೆ. ಒಂದೂವರಿ ತಾಸು ಆಗಿರಬೇಕು. ವಾಪಸ ಬಂದು ನೋಡಿದ್ರ ಬಾಗಲಾ ಹಾರು ಹೊಡದೈತಿ, ಕಾಟು ಖಾಲಿ. ಬಚ್ಚಲದಾಗ ಇಲ್ಲ, ಹಿತ್ತಲದಾಗ ಇಲ್ಲ. ಬಗಲ ಬಡಗೀನೂ ಇಲ್ಲ. ಮೆಟ್ಟಲದ ಕಡೆ ಓಡಿ ಬಂದು ಕೆಳಗ ನೋಡಾಕ ಧೈರ್ಯ ಆಗಲಿಲ್ಲ, ಅಲ್ಲೇ ಗ್ವಾಡಿ ಹಿಡದು ನಿಂತೆ.

ಬಾಜೂಮನಿಯಾಕಿ ಹೊರಗ ಬಂದು ಹೇಳಿದ್ಲು. ಏಜೆಂಟ ಬಂದಿದ್ದನಂತ. ಮಾಸ್ತರು ಒಪ್ಪಲಿಲ್ಲ, ಹುಣ್ಣಿವಿ ಅಂದ್ರ ಹುಣ್ಣಿವಿ ಅಂದ್ರು ಅಂತ ನಮ್ಮವರಿಗೆ ಹೇಳಿದನಂತ. ನಮ್ಮವರು "ಗಾಡಿ ಐತೇನು?" ಅಂದ್ರಂತ. ಐತಿ ಅಂದನಂತ. ನಾಕು ಮಂದಿ ಕರೀತೇನಿ ತಡೀರಿ ಅನ್ನೂದರಾಗ ಇವರು ಬಡಗಿ ಅವನ ಕೈಯಾಗ ಕೊಟ್ಟು, ಮೊದಲನೇ ಮೆಟ್ಟಲದ ಮ್ಯಾಲ ಕುಂತುಬಿಟ್ಟಿದ್ರಂತ. ಕೂತಲ್ಲಿಂದ ಕೈ ಊರಿ, ಕುಂಡಿ ಜಾರಿಸಿ, ಒಂದೊಂದ ಮೆಟ್ಟಲಾ. ಕೂಸು ಇಳದಂಗ ಇಳದ್ರು ಅಂತ ಬಾಜೂಮನಿಯಾಕಿ ಅಂದ್ಲು. ನಡಬರಕ ಎರಡು ಸಲ ಕೂತು ದಮ್ಮು ತಗೊಂಡ್ರಂತ. ಏಜೆಂಟ ಮುಂದ ಮುಂದ ಹಿಮ್ಮುಖ ಇಳದನಂತ, ಜಾರಿದ್ರ ಹಿಡಿಯಾಕ. ಗಾಡಿ ಹಳಿಯಾಳದ ಕಡೆ ಹೋತಂತ.

ನಾ ಹಳಿಯಾಳದ ಬಸ್ ಹತ್ತಿದೆ. ಬಸ್ಸಿನ್ಯಾಗ ಕೂತು ನಾ ಅವರನ್ನ ಬೈದ ಬೈಗಳಾ ಒಂದಲ್ಲ ಎರಡಲ್ಲ. ಮೊಣಕಾಲು ತರಚಿ ಗಾಯ ಆದ್ರ? ತಲಿ ತಿರಗಿದ್ರ? ಮಾಸ್ತರು ಬಾಗಲಾಗ ನಿಲ್ಲಿಸಿ ಇಲ್ಲ ಅಂದು ಕಳಿಸಿದ್ರ, ಇಷ್ಟು ಇಳದು ಹೋದ ಮನಷ್ಯಾ ಮತ್ತ ಹೆಂಗ ಏರಬೇಕು? ಆಕಾಶ ಕಪ್ಪಿಟ್ಟಿತ್ತು. ಡ್ರೈವರು ಬೇಕಂತ ಹಳ್ಳಿಗೊಮ್ಮೆ ನಿಲ್ಲಸಾಕತ್ತಾನ ಅನಸ್ತು.

ಮಾಸ್ತರ ಓಣಿಗೆ ಬಂದಾಗ ಏಜೆಂಟ ಗಾಡಿಗೆ ಆತು ನಿಂತಿದ್ದ, ಚಾ ಕುಡಿಯಾಕತ್ತಿದ್ದ. ನನ್ನ ಮಾರಿ ನೋಡಿ ಗಡಬಡಿಸಿದ. "ವೈನಿ, ಆತ್ರಿ. ಮೂರು ವಾರ ಕೊಟ್ರು" ಅಂದ. ಹೆಂಗ ಅಂದೆ. "ನಿನ್ನೆ ನಾ ಕೇಳಿದಾಗ ಮಾಸ್ತರು ಪೇಪರಿನಿಂದ ತಲಿ ಎತ್ತಲಿಲ್ಲ. ಇವತ್ತು ಯಜಮಾನ್ರು ಹೋಗಿ ಎದುರಿಗೆ ನಿಂತು, ಇಲ್ಲಿ ಇರಾಂವ ನಾನ್ರಿ ಮಾಸ್ತರ, ನನ್ನ ನೋಡಿ ಆಗೂದಿಲ್ಲ ಅನ್ರಿ ಅಂದ್ರು. ಮಾಸ್ತರು ಕುರ್ಚಿ ತಂದ್ರು." ಅಂವ ಕಪ್ಪು ಅಂಗಡಿ ಕಟ್ಟಿಮ್ಯಾಲ ಇಟ್ಟು, "ನನ್ನಂಥಾವಗ ಇಲ್ಲ ಅನ್ನೂದು ಮಂದಿಗೆ ಸಲೀಸು ಬಿಡ್ರಿ" ಅಂ‍ದ.

ನಾ ಸೀದಾ ಮಾಸ್ತರ ಮನಿಯೊಳಗ ಹೋದೆ. ನಮ್ಮವರು ಮುಂದಿನ ಖೋಲ್ಯಾಗ ಇರಲಿಲ್ಲ. ಹಿತ್ತಲ ಬಾಗಲದಾಗ ಬಡಗಿ ಮ್ಯಾಲ ನಿಂತಿದ್ರು, ನನಗ ಬೆನ್ನು ಮಾಡಿ. ಪೈಜಾಮದ ಹಿಂದ ಪೂರಾ ಹರದು ಕೆಮ್ಮಣ್ಣು ಮೆತ್ತಿತ್ತು. ಅಂಗೈ ಎರಡೂ ಕಿತ್ತು ರಕ್ತ ಒಣಗಿತ್ತು. ಬಾಯಿಗೆ ಬಂದಂಗ ಬೈದೆ. ಎಂಥ ಮನಷ್ಯಾ ನೀವು, ನನ್ನ ಜೀವಾ ಬಾಯಿಗೆ ಬಂದಿತ್ತು, ಒಂದು ಮಾತು ಹೇಳಿ ಹೋಗಬಾರದೇನು ಅಂದೆ. ಹೇಳ್ತಾ ಹೇಳ್ತಾ ಅಳಾಕ ಶುರು ಆತು, ನಿಲ್ಲಲಿಲ್ಲ. ಅವರು ಬಾಗಲಾ ಹಿಡಕೊಂಡು ಬಡಗಿ ಎತ್ತಿ ಹೊರಗ ತೋರಿಸಿದ್ರು.

"ಇದನ್ನ ನೋಡಿದ್ದೀ?"

ಬಚ್ಚಲಾ, ಪಾಯಖಾನಿ ಎರಡೂ ಹಿತ್ತಲದಾಗ. ಅಲ್ಲಿಗೆ ಹೋಗಾಕ ಬಾಗಲದಿಂದ ಕೆಳಗ ನಾಕು ಕಲ್ಲಿನ ಮೆಟ್ಟಲಾ, ಎತ್ತರಾನೂ ಹೌದು, ಹಿಡಕೊಳ್ಳಾಕ ಕಟಾಂಜನ ಇಲ್ಲ. ನಾ ಬಂದ ದಿನ ರಸ್ತಾ ನೋಡಿದ್ದೆ, ಹೊಸ್ತಿಲಾ ನೋಡಿದ್ದೆ, ಚಾದಂಗಡಿ ನೋಡಿದ್ದೆ. ಹಿತ್ತಲ ಬಾಗಲಾ ತಗಸಿ ನೋಡಿರಲಿಲ್ಲ.

"ಇಲ್ಲ" ಅಂದೆ.

"ಹೋಗ್ಲಿ, ನಾಕ ಅದಾವ. ಒಂದು ಪೈಪ ಹಚ್ಚಿಸಿದ್ರ ಇಳೀತೇನಿ" ಅಂದ್ರು. ಅವರ ದನಿಯೊಳಗ ಸಿಟ್ಟು ಇರಲಿಲ್ಲ, ಇದ್ದಿದ್ರ ನಾ ತಿರುಗಿ ಜಗಳಾ ಮಾಡ್ತಿದ್ದೆ. "ಸಂಚಕಾರಾ ಕೊಡೂಕಿಂತ ಮೊದಲ ನನ್ನ ಒಂದು ಮಾತು ಕೇಳಿದ್ದೀ?"

ಕೇಳಿರಲಿಲ್ಲ. ಅವರು ಇರೂ ಮನಿ, ಅವರ ಕಾಲಿನ ಸಲುವಾಗಿ ತಗೊಳ್ಳೂ ಮನಿ. ಸಂಚಕಾರಾ ಕೊಟ್ಟು ಬಂದು, ಸಂಜಿಮುಂದ ಕೈಯಾಗ ಚಾ ಕೊಡ್ತಾ ಅವರಿಗೆ ಹೇಳಿದ್ದೆ.